ಅಳಿಯಂದ್ರ ಕಂಪ್ಯೂಟರ್

ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಹಾರಾಡುವುದು ಬೇಡ. ಮಾವನವರು ಆ ಕರಿ ಡಬ್ಬದ ಗಾಜಿನ ಮೇಲೆ ಬೆರಳಿಟ್ಟು "ಹೊಸದಾ ಅಳಿಯಂದ್ರೇ?" ಎಂದು ಕೇಳಿದಾಗ ನಾನು "ಹೂಂ" ಎಂದೆ, ಅಷ್ಟೇ. ಡಬ್ಬ ಹೊಸದೇ ಆಗಿತ್ತು. ಒಳಗಿನದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಹೂಂ ಮನುಷ್ಯನನ್ನು ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂದು ಆಗ ಗೊತ್ತಿದ್ದರೆ ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ನಾನು ಮನೆ ಅಳಿಯ. ದಾಬಸ್‌ಪೇಟೆಯಿಂದ ಬೈಕಿನಲ್ಲಿ ಕಾಲು ಗಂಟೆ ಒಳಕ್ಕೆ ಹೋದರೆ ಮಾವನವರ ಊರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ದೊಡ್ಡವಳನ್ನು ನನಗೆ ಕೊಟ್ಟರು ಅನ್ನುವುದಕ್ಕಿಂತ ನನ್ನನ್ನು ಅವಳಿಗೆ ತಂದುಕೊಂಡರು ಅನ್ನಬೇಕು. ಸಾಸಲು ಕಡೆಯ ನಮ್ಮೂರಿನಲ್ಲಿರುವ ಚೂರು ಜಮೀನು ಅಣ್ಣನಿಗೇ ಸಾಲದು. ನಾನು ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಬರುವ ಮಾಲು ಹೋಗುವ ಮಾಲು ನೋಡಿಕೊಂಡು, ಬಾಡಿಗೆ ರೂಮಿನಲ್ಲಿ ಅನ್ನ ಬೇಯಿಸಿಕೊಂಡು ಮೂವತ್ತನಾಲ್ಕು ತುಂಬಿಸಿದ್ದೆ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಕಾಫಿ ಕೊಟ್ಟು ಕಳಿಸುತ್ತಿದ್ದರು. ಹಾಗಾಗಿ ಈ ಸಂಬಂಧ ಬಂದಾಗ ಅಣ್ಣ "ತೆಪ್ಪಗೆ ಒಪ್ಕೋ ಕಣೋ" ಎಂದ. ತಾಂಬೂಲ ಬದಲಾಯಿಸಿಕೊಳ್ಳುವಾಗ ಹಿರಿಯರ ಮುಂದೆ ಮಾವನವರು ಒಂದೇ ಮಾತು ಕೇಳಿದರು: ಮನೆ ಬಿಟ್ಟು ಹೋಗಬಾರದು. ಆಗಲೂ ನಾನು ಹೂಂ ಎಂದೆ.

ಮನೆ ಅಳಿಯ ಎಂದರೆ ಜನ ನಗುತ್ತಾರೆ, ಬಿಟ್ಟಿ ಕೂಳು ಅನ್ನುತ್ತಾರೆ. ನನ್ನ ಕಷ್ಟ ಅದಲ್ಲ. ಈ ಮನೆಯಲ್ಲಿ ಯಾರೂ ನನ್ನನ್ನು ಹೀಗಳೆಯಲಿಲ್ಲ. ಮರ್ಯಾದೆ ಕೊಟ್ಟೂ ಕೊಟ್ಟೂ ಉಸಿರು ಕಟ್ಟಿಸಿದರು. ಊಟಕ್ಕೆ ಮೊದಲ ಎಲೆ ನನಗೆ. ಕೈ ಇರುವ ಒಂದೇ ಕುರ್ಚಿ ನನಗೆ. ನಾನು ಊಟ ಮುಗಿಸಿ ತಟ್ಟೆ ಎತ್ತಿದರೆ ಎಲ್ಲಿಂದಲೋ ಒಂದು ಕೈ ಬಂದು ಅದನ್ನು ಕಸಿದುಕೊಳ್ಳುತ್ತಿತ್ತು. ಒಂದು ಸಲ ಬಚ್ಚಲಿನ ನಲ್ಲಿ ಸೋರುತ್ತಿತ್ತೆಂದು ಸ್ಪ್ಯಾನರ್ ಹಿಡಿದು ಕೂತೆ. ಅಡುಗೆಮನೆ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು, "ಅಯ್ಯಯ್ಯೋ, ಅಳಿಯಂದ್ರು ನಲ್ಲಿಗೆ ಕೈ ಇಕ್ತಾವ್ರಲ್ಲೇ! ಯಾರಾನ ಕರೀರೇ!" ನನಗೇ ಒಂದು ಲೋಟ ಟೀ ಮಾಡಿಕೊಳ್ಳೋಣವೆಂದರೆ ಒಲೆಯ ಹತ್ತಿರ ಬಿಡುವುದಿಲ್ಲ. ಚಪ್ಪಲಿ ಹಾಕಿಕೊಂಡರೆ ಸಾಕು, ಮಾವನವರು ಜಗಲಿಯಿಂದ ಎಷ್ಟು ಮೃದುವಾಗಿ ಕೇಳುತ್ತಿದ್ದರು, "ಎಲ್ಲಿಗೆ ಹೊರಟ್ರಿ ಅಳಿಯಂದ್ರೇ? ಎಷ್ಟೊತ್ಗೆ ಬರ್ತೀರಾ?" ಬೈದು ಕೇಳಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೇನು ಮಾಡುವುದು? ಗಂಟೆ ಹೇಳಿ ಹೋಗುತ್ತಿದ್ದೆ, ಹೇಳಿದ ಗಂಟೆಗೆ ಬರುತ್ತಿದ್ದೆ.

ಕಂಪ್ಯೂಟರಿನ ಹುಚ್ಚು ನನಗೆ ಹತ್ತಿದ್ದು ದೊಡ್ಡಬಳ್ಳಾಪುರದಲ್ಲಿ ಪಿಯುಸಿ ಓದುವಾಗ. ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಕಲ್ಲಿನ ಕೋಟೆಯೊಳಗೆ ಓಡಾಡುತ್ತಾ ಬಂದೂಕು ಹಿಡಿದು ಬಾಗಿಲು ಹುಡುಕುವ ಒಂದು ಆಟ. ನಾನು ಬಸ್ಸು ತಪ್ಪಿಸಿಕೊಂಡು ಅದನ್ನು ಆಡುತ್ತಿದ್ದೆ. ಸೆಂಟರಿನವನು ನನ್ನ ತಲೆಗೆ ಮೊಟಕಿ "ಲೇ, ಟೈಮಾಯ್ತು, ಏಳೋ ಗುರು" ಅನ್ನುತ್ತಿದ್ದ. ಈಗ ನೆನೆದರೆ ಆ ಮೊಟಕುವುದೇ ಎಷ್ಟು ಹಿತವಾಗಿತ್ತು ಅನಿಸುತ್ತದೆ.

ಗೋಡೌನಿನ ಹಿಂಭಾಗದಲ್ಲಿ ಒಂದು ದಿನ ಹಳೆ ಆಫೀಸು ಸಾಮಾನನ್ನು ಗುಜರಿಗೆ ಹಾಕಲು ರಾಶಿ ಮಾಡಿದ್ದರು. ಅದರಲ್ಲಿ ನನ್ನ ಪಿಯುಸಿ ಕಾಲದ್ದೇ ಒಂದು ಕಂಪ್ಯೂಟರ್. ಹಲ್ಲು ಹಳದಿಗಟ್ಟಿದ ಹಾಗೆ ಬಣ್ಣಗೆಟ್ಟಿದ್ದ ಡಬ್ಬ. ತೆರೆದು ನೋಡಿದೆ. ಆ ಕಾಲದ ಮದರ್‌ಬೋರ್ಡು, ಆ ಕಾಲದ ಸೌಂಡ್ ಕಾರ್ಡು, ಗ್ರಾಫಿಕ್ಸ್ ಕಾರ್ಡು, ಎಲ್ಲಾ ಗಟ್ಟಿಯಾಗಿ ಕೂತಿವೆ! ಈಗಿನ ಕಂಪ್ಯೂಟರಿನಲ್ಲೂ ಏನೇನೋ ಕಸರತ್ತು ಮಾಡಿ ಹಳೆ ಆಟ ಆಡಬಹುದು, ನನಗೂ ಗೊತ್ತು. ಆಡಿಯೂ ನೋಡಿದ್ದೆ. ಆ ಸದ್ದು ಬರುವುದಿಲ್ಲ. ಕೋಟೆಯ ಬಾಗಿಲು ತೆರೆಯುವಾಗ ಹಳೆ ಕಾರ್ಡಿನಿಂದ ಬರುವ ಕರ್ರ್ ಎನ್ನುವ ಒರಟು ಸದ್ದು ಬೇರೆಯೇ. ಮ್ಯಾನೇಜರನ್ನು ಕೇಳಿ ಬೈಕಿಗೆ ಕಟ್ಟಿಕೊಂಡು ಮನೆಗೆ ತಂದೆ.

ಮಾವನವರು ಅಂಗಳದಲ್ಲೇ ತಡೆದರು. ಒಂದು ಗಟ್ಟಿ ಮಾತಿಲ್ಲ. "ಅಳಿಯಂದ್ರೇ, ಇದು ಗುಜರಿ ಅಲ್ವಾ? ಅಳಿಯಂದ್ರು ಗುಜರಿ ಹೊತ್ಕೊಂಡ್ ಬಂದ್ರು ಅಂತ ನಾಳೆ ಊರೆಲ್ಲಾ ಆಡ್ಕೊಳ್ಳಲ್ವಾ? ನಿಮ್ಗದು ತರವಲ್ಲ. ಇಲ್ಲಿ ಕೊಡಿ." ತಾವೇ ಹೊತ್ತುಕೊಂಡು ಹೋಗಿ ಕೊಟ್ಟಿಗೆಯ ಅಟ್ಟದ ಮೇಲೆ, ಹಗ್ಗ ಕುಡುಗೋಲುಗಳ ಪಕ್ಕ ಇಟ್ಟು ಬಂದರು. ನನ್ನ ಮೈ ಉರಿದುಹೋಯಿತು. ಹೆಂಡತಿಗೆ ಹೇಳಿದರೆ ಅವಳು "ಸುಮ್ನಿರಿ, ನಿಮ್ ಮರ್ಯಾದೆಗೇ ಹೇಳಿದ್ದಲ್ವಾ" ಎಂದಳು. ಆ ಮನೆಯಲ್ಲಿ ಎಲ್ಲವೂ ನನ್ನ ಮರ್ಯಾದೆಗೇ.

ಸರಿ, ಮರ್ಯಾದಸ್ಥ ಕಂಪ್ಯೂಟರನ್ನೇ ಮಾಡೋಣ ಎಂದು ಹಟ ಬಂತು. ಬೆಂಗಳೂರಿಗೆ ಹೋಗಿ ಹೊಸ ಡಬ್ಬ ತಂದೆ. ಎಲ್ಲರೂ ಸಿಪಿಯು ಅನ್ನುವ ಆ ಡಬ್ಬ ಈಗ ಹೇಗಿರುತ್ತದೆ ನೋಡಿದ್ದೀರಲ್ಲ, ಕಪ್ಪು ಮೈ, ಒಂದು ಪಕ್ಕ ಪೂರ್ತಿ ಗಾಜು, ಮುಂದೆ ಬಣ್ಣ ಬದಲಾಯಿಸುತ್ತಾ ತಿರುಗುವ ಮೂರು ಫ್ಯಾನು. ಮಾವನವರು ಸಂತೆಗೆ ಹೋದ ಎರಡು ಭಾನುವಾರ ಕೊಟ್ಟಿಗೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಹಳೆ ಬೋರ್ಡನ್ನು ಬಿಚ್ಚಿ ಹೊಸ ಡಬ್ಬದಲ್ಲಿಟ್ಟರೆ ಸ್ಕ್ರೂ ತೂತುಗಳು ಸರಿಯಾಗಿ ಕೂತವು. ಇಪ್ಪತ್ತು ವರ್ಷ ಆಚೀಚೆ ಹುಟ್ಟಿದ ಎರಡು ವಸ್ತು ಹೊಂದಿಕೊಂಡಿದ್ದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹೊಸ ಪವರ್ ಸಪ್ಲೈಯ ಪ್ಲಗ್ಗಿನಲ್ಲಿ ನಾಲ್ಕು ಪಿನ್ನು ಹೆಚ್ಚಿತ್ತು, ಅದನ್ನು ಪಕ್ಕಕ್ಕೆ ಕಳಚಿ ಸಿಕ್ಕಿಸಿದೆ. ಅಗಲವಾದ ಬೂದು ಬಣ್ಣದ ಹಳೆ ಪಟ್ಟಿ ವೈರುಗಳನ್ನು ಸುತ್ತಿ ಕರಿ ಟೇಪು ಹೊಡೆದೆ. ಹಾರ್ಡ್ ಡಿಸ್ಕಿನ ಬದಲು ಹಳೆ ಕ್ಯಾಮೆರಾದ ಮೆಮೊರಿ ಕಾರ್ಡು. ಸಿಡಿ ಹಾಕುವ ಡ್ರೈವಿಗೆ ಹೊಸ ಡಬ್ಬದಲ್ಲಿ ಜಾಗವೇ ಇಲ್ಲ, ಒಳಗೇ ಹಿಂದುಗಡೆ ಬಚ್ಚಿಟ್ಟೆ. ಡಬ್ಬದ ಮುಂದಿದ್ದ ಯುಎಸ್‌ಬಿ ತೂತುಗಳ ವೈರು ಮಾತ್ರ ಹಳೆ ಬೋರ್ಡಿನಲ್ಲಿ ಎಲ್ಲೂ ಕೂರಲಿಲ್ಲ. ತೂತುಗಳು ಬರೀ ಶೋಕಿಗೆ ಉಳಿದವು. ಸ್ವಿಚ್ ಹಾಕಿದೆ. ಬಣ್ಣದ ದೀಪಗಳು ಹತ್ತಿಕೊಂಡವು, ಹಸು ಬೆಚ್ಚಿ ಕಿವಿ ನಿಮಿರಿಸಿತು, ಆಮೇಲೆ ಒಳಗಿನಿಂದ ಒಂದೇ ಒಂದು ಬೀಪ್. ಆ ಬೀಪ್ ಕೇಳಿದವನಿಗೇ ಗೊತ್ತು ಅದರ ಸುಖ! ಖಾಲಿಯಾದ ಹಳೆ ಡಬ್ಬಕ್ಕೆ ಸ್ಕ್ರೂ ಬಿಗಿದು ಮತ್ತೆ ಅಟ್ಟದ ಮೇಲಿಟ್ಟೆ.

ಮಲಗುವ ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು, ವಾರಕ್ಕೊಂದು ಗಂಟೆ ಯಾರ ಅಳಿಯನೂ ಆಗದೆ ಆಡಿಕೊಂಡಿರೋಣ ಎಂಬುದು ನನ್ನ ಆಸೆ. ಮಾವನವರು ನೋಡಿದರು. "ಹೊಸದಾ?" ಎಂದರು. ಆ ಹೂಂ ಆಗಿದ್ದು ಆಗಲೇ. "ಇಂಥದ್ನ ಯಾರಾನ ರೂಮಲ್ಲಿ ಬಚ್ಚಿಡ್ತಾರಾ? ಹಾಲಲ್ಲಿರ್ಲಿ, ನಾಲ್ಕು ಜನ ನೋಡ್ಲಿ" ಎಂದು ಟಿವಿಯ ಪಕ್ಕ, ನಮ್ಮ ಮದುವೆ ಫೋಟೋದ ಕೆಳಗೆ ಟೇಬಲ್ ಹಾಕಿಸಿದರು. ಅತ್ತೆ ಗಾಜಿಗೆ ಅರಿಸಿನ ಕುಂಕುಮ ಹಚ್ಚಿ ನಿಂಬೆಹಣ್ಣು ನಿವಾಳಿಸಿದರು. ಮನೆಗೆ ಬಂದವರಿಗೆಲ್ಲ ಮಾವನವರು ಸ್ವಿಚ್ ಹಾಕಿ ತೋರಿಸುತ್ತಿದ್ದರು. "ನಮ್ ಅಳಿಯಂದ್ರ ಕಂಪ್ಯೂಟ್ರು. ಈ ಸುತ್ತಿನಲ್ಲೇ ಇಂಥದ್ದಿಲ್ಲ."

ಆಮೇಲೆ ಶುರುವಾಯಿತು ನೋಡಿ. ಒಬ್ಬರು ಪಹಣಿ ತೆಗೆದುಕೊಡಿ ಅಂತ ಬಂದರು. ಒಬ್ಬರು ಗ್ಯಾಸಿಗೆ ಆಧಾರ್ ಜೋಡಿಸಬೇಕೆಂದರು. ಇನ್ನೊಬ್ಬರು ಮುಂದಿನ ತೂತಿಗೆ ಮೊಬೈಲು ಚಾರ್ಜಿಗೆ ಹಾಕಿ ಅರ್ಧ ಗಂಟೆ ಕಾದರು. ನನ್ನ ಡಬ್ಬಕ್ಕೋ ಇಂಟರ್ನೆಟ್ ಎಂದರೇನೆಂದೇ ಸರಿಯಾಗಿ ಗೊತ್ತಿಲ್ಲ! ಏನು ಹೇಳುವುದೆಂದು ತಿಳಿಯದೆ ಮೊದಲ ದಿನ ಬಾಯಿಗೆ ಬಂದಿದ್ದು, "ಸರ್ವರ್ ಇಲ್ಲ." ಎಂಥಾ ಮಾತು ಅದು! ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ದಿನಾ ಕೇಳಿ ಕೇಳಿ ನಮ್ಮ ಜನಕ್ಕೆ ಅದು ಮಳೆ ಬಂತು ಅಂದಷ್ಟೇ ಸಹಜ. "ಓ, ಸರ್ವರ್ ಇಲ್ವಾ" ಎಂದು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಸರ್ವರ್ ಎಂದರೆ ಏನು, ಎಲ್ಲಿದೆ, ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಆಟವನ್ನೂ ನೆಮ್ಮದಿಯಾಗಿ ಆಡಲಾಗಲಿಲ್ಲ. ಭಾನುವಾರ ನಾನು ಕೂತರೆ ಅತ್ತೆ ಬಾಗಿಲ ಹಿಂದಿನಿಂದ "ಅಳಿಯಂದ್ರು ಕೆಲ್ಸ ಮಾಡ್ತಾವ್ರೆ, ಸದ್ದು ಮಾಡ್ಬೇಡಿ" ಎಂದು ಟಿವಿ ಆರಿಸುತ್ತಿದ್ದರು. ಮಾವನವರು ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನು ಕೋಟೆಯೊಳಗೆ ಬಾಗಿಲು ಹುಡುಕುತ್ತಾ ಓಡುವುದನ್ನು ಅವರು ಗೋಡೌನಿನ ಕೆಲಸ ಎಂದುಕೊಂಡಿದ್ದಾರೆಂದು ನಾನಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಬೆವರು ಬಂದು ಎದ್ದುಬಿಡುತ್ತಿದ್ದೆ.

ನನ್ನ ನಾದಿನಿಯ ವಿಷಯ ಬಂದದ್ದು ಹೀಗಿರುವಾಗ. ಹೆಂಡತಿಯ ತಂಗಿ, ಇಪ್ಪತ್ತಾರು ವರ್ಷ, ತುಮಕೂರಿನಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮಾಡಿ ಮೂರು ವರ್ಷದಿಂದ ಡೈರಿಗೆ ಹಾಲು ಹಾಕಿಕೊಂಡು ಮನೆಯಲ್ಲಿದ್ದಳು. ಎರಡು ಕಡೆ ಕೆಲಸಕ್ಕೆ ಕರೆ ಬಂದಿತ್ತು. ಒಂದಕ್ಕೆ ಮಾವನವರು ಬಸ್ಸು ಸರಿಯಿಲ್ಲ ಎಂದರು, ಇನ್ನೊಂದಕ್ಕೆ ಹಾಸ್ಟೆಲು ಸರಿಯಿಲ್ಲ ಎಂದರು. ಈ ಸಲ ಹೈದರಾಬಾದಿನ ಒಂದು ಔಷಧಿ ಕಂಪನಿ. ಮೊದಲು ಒಂದು ಪರೀಕ್ಷೆ. ಇದ್ದಲ್ಲಿಂದಲೇ ಆನ್‌ಲೈನಿನಲ್ಲಿ ಬರೆಯಬೇಕು, ಕಂಪ್ಯೂಟರೇ ಆಗಬೇಕು, ಎದುರಿಗೆ ಕ್ಯಾಮೆರಾ ಇರಬೇಕು, ಮೊಬೈಲಿನಲ್ಲಿ ನಡೆಯುವುದಿಲ್ಲ. ಬೆಂಗಳೂರಿಗೆ ಹೋಗಿ ಗೆಳತಿಯ ಮನೆಯಲ್ಲಿ ಬರೆದು ಬರುತ್ತೇನೆ ಎಂದು ಅವಳು ಕೇಳಿದಳು. ಮಾವನವರು ಊಟದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಎಲ್ಲಿಗೂ ಹೋಗೋದ್ ಬೇಡ. ಮನೇಲೇ ಕೂತು ಬರೆಯೋ ಹಂಗಿದ್ರೆ ಬರಿ. ಪಾಸಾದ್ರೆ ನಾನೇ ಬಸ್ ಹತ್ತಿಸ್ತೀನಿ. ಮಾತು ಕೊಟ್ಟಿದೀನಿ ನೋಡು."

ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. ನೇರವಾಗಿ ನನ್ನ ಕಡೆ ತಿರುಗಿದಳು. "ಭಾವ, ನಿಮ್ ಕಂಪ್ಯೂಟರ್ ಇದೆಯಲ್ಲ! ಗುರುವಾರ ಹನ್ನೊಂದು ಗಂಟೆಗೆ. ಕೊಡ್ತೀರಲ್ವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. "ಹೂಂ" ಎಂದೆ.

ನನ್ನ ಬಾಯಿಗೆ ಬೆಂಕಿ ಹಾಕ! ಗುರುವಾರಕ್ಕೆ ಮೂರೇ ದಿನ. ಮೊದಲ ದಿನ ಹಳೆ ನೆಟ್‌ವರ್ಕ್ ಕಾರ್ಡೊಂದನ್ನು ಹುಡುಕಿ ಡಬ್ಬಕ್ಕೆ ಸಿಕ್ಕಿಸಿದೆ. ಪರೀಕ್ಷೆಯ ಪುಟ ತೆರೆಯಲೇ ಇಲ್ಲ, ಬಿಳಿ ಪರದೆ ಬಂದು ನಿಂತಿತು. ಎರಡನೆಯ ದಿನ ಗೋಡೌನಿನ ಮ್ಯಾನೇಜರನ್ನು ಆಫೀಸಿನ ಲ್ಯಾಪ್‌ಟಾಪ್ ಒಂದು ದಿನಕ್ಕೆ ಕೇಳಿದೆ. "ಏನಪ್ಪಾ, ನನ್ನ ಕೆಲಸ ಕಳೀತೀಯಾ?" ಎಂದರು. ನಾದಿನಿಗೆ ಹೇಳಿಬಿಡೋಣವೆಂದು ಹತ್ತು ಸಲ ಹೋದೆ. ಅವಳು ಹಾಲಿನ ಕ್ಯಾನು ತೊಳೆಯುತ್ತಾ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನನ್ನನ್ನು ಕಂಡರೆ ನಗುತ್ತಿದ್ದಳು. ಹಾಗೇ ವಾಪಸು ಬರುತ್ತಿದ್ದೆ. ಹೇಳಿದರೆ ಏನಾಗುತ್ತಿತ್ತು? ಅಳಿಯಂದ್ರು ಸುಳ್ಳುಗಾರ, ಗುಜರಿಯವನು ಎಂದಾಗುತ್ತಿತ್ತು. ನಾಲ್ಕು ವರ್ಷದಿಂದ ಯಾವ ಮರ್ಯಾದೆಯನ್ನು ಕಂಡರೆ ನನಗೆ ಉಸಿರು ಕಟ್ಟುತ್ತಿತ್ತೋ ಅದನ್ನೇ ಕಳೆದುಕೊಳ್ಳಲು ಹೆದರಿದೆ. ನಾಚಿಕೆಯಾಗುತ್ತದೆ, ಆದರೆ ನಿಜ.

ಬುಧವಾರ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋದೆ. ಮಾವನವರು ಹಸುವಿನ ಹೊಟ್ಟೆಗೆ ತಲೆಯಾನಿಸಿ ಕೂತಿದ್ದರು. ಒಂದೇ ಉಸಿರಿಗೆ ಹೇಳಿದೆ. "ಮಾವ, ಆ ಕಂಪ್ಯೂಟರ್ ಹೊಸದಲ್ಲ. ಒಳಗಿರೋದೆಲ್ಲಾ ಆ ಹಳೇದೇ. ಅದರಲ್ಲಿ ಪರೀಕ್ಷೆ ಬರೆಯೋಕಾಗಲ್ಲ. ಅವಳನ್ನ ಬೆಂಗಳೂರಿಗೆ ಕಳಿಸಿ."

ಅವರು ಕರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಎಂದರು.

"ಏನು ಗೊತ್ತು?"

"ಒಳಗೇನೈತೆ ಅಂತ. ಅಟ್ಟದ ಮೇಲಿಂದ ಹಗ್ಗ ತೆಗೀವಾಗ ನಿಮ್ ಹಳೇ ಡಬ್ಬ ಕೈಗೆ ತಗುಲ್ತು. ನಾನೇ ಹೊತ್ತಿಟ್ಟಿದ್ದಲ್ವಾ, ಅದ್ರ ಭಾರ ಗೊತ್ತಿರಲ್ವಾ ನಂಗೆ? ಎತ್ತಿದ್ರೆ ಹಗುರಾಗೈತೆ. ಒಳಗಿದ್ದಿದ್ದು ಎಲ್ಲೋಯ್ತು ಅಂತ ಕೇಳೋಕೆ ನಾನೇನು ಎಳೇ ಮಗುವಾ?"

"ಮತ್ತೆ ಅವಳಿಗೆ ಯಾಕೆ ಮಾವ ಮಾತು ಕೊಟ್ರಿ?"

"ಅದಕ್ಕೇ ಕೊಟ್ಟಿದ್ದು" ಎಂದರು. ಹಾಲಿನ ನೊರೆ ಕ್ಯಾನಿನ ಬಾಯಿಗೆ ಬಂದಿತ್ತು. ಎದ್ದು ಕೈ ಒರೆಸಿಕೊಂಡು, ಅದೇ ಮೃದು ದನಿಯಲ್ಲಿ ಹೇಳಿದರು, "ಒಬ್ಳನ್ನ ಮನೇಲಿಟ್ಕೊಳ್ಳೋಕೆ ನಿಮ್ಮನ್ನ ತಂದೆ ಅಳಿಯಂದ್ರೇ. ಇನ್ನೊಬ್ಳಿಗೆ ನಿಮ್ ಡಬ್ಬನೇ ಸಾಕಾಯ್ತು. ನಾಳೆ ಸರ್ವರ್ ಇಲ್ಲ ಅಂದ್ಬಿಡಿ. ನಾನು ಬೇಡ ಅಂದ್ರೆ ಅಳ್ತಾಳೆ, ಊಟ ಬಿಡ್ತಾಳೆ. ನಿಮ್ ಮಾತ್ನ ಈ ಮನೇಲಿ ಯಾರೂ ತೆಗೆದಾಕಲ್ಲ."

ಬೈದುಬಿಡಬೇಕಿತ್ತು. ಕ್ಯಾನು ಒದೆಯಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಅವರ ಹಿಂದೆಯೇ ಮನೆಯೊಳಗೆ ಬಂದೆ. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಪ್ಪನ ಪಂಚೆಯನ್ನು ಮಡಿಸಿ, ನನ್ನ ಶರ್ಟನ್ನು ಕೈಗೆತ್ತಿಕೊಂಡು ಹೇಳಿದಳು, "ನಂಗೂ ಒಂದ್ಸಲ ಕೆಲಸ ಬಂದಿತ್ತು. ಮೈಸೂರಲ್ಲಿ, ಸ್ಕೂಲು."

"ನೀನು ಹೇಳೇ ಇಲ್ಲ! ಆಮೇಲೇನಾಯ್ತು?"

"ನೀವ್ ಬಂದ್ರಲ್ಲ" ಎಂದಳು.

ಅಷ್ಟು ಹೇಳಿ ಶರ್ಟಿನ ಕಾಲರನ್ನು ನೇರ ಮಾಡಿದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು. ನಾಲ್ಕು ವರ್ಷ ನನ್ನನ್ನು ಕಟ್ಟಿಹಾಕಿದ್ದಾರೆ ಎಂದು ಒಳಗೊಳಗೇ ಗೊಣಗಿಕೊಂಡು ಬದುಕಿದವನು ನಾನು. ನನ್ನನ್ನು ಇಟ್ಟುಕೊಂಡು ಇವಳನ್ನು ಕಟ್ಟಿಹಾಕಿದ್ದರು ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ.

ಗುರುವಾರ ಹತ್ತು ಗಂಟೆಗೇ ನಾದಿನಿ ತಲೆಗೆ ಸ್ನಾನ ಮಾಡಿ ಹಾಲಿಗೆ ಬಂದಳು. ಕೈಯಲ್ಲಿ ಗೆಳತಿಯಿಂದ ತರಿಸಿಕೊಂಡ ಪುಟ್ಟ ಕ್ಯಾಮೆರಾ. ಮಾವನವರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾನು ಗೋಡೌನಿಗೆ ರಜೆ ಹಾಕಿದ್ದೆ. ಸ್ವಿಚ್ ಹಾಕಿದಳು. ಮೂರು ಫ್ಯಾನೂ ಬಣ್ಣ ಬಣ್ಣವಾಗಿ ತಿರುಗಿದವು. ಕ್ಯಾಮೆರಾದ ವೈರನ್ನು ಮುಂದಿನ ತೂತಿಗೆ ಹಾಕಿದಳು, ತೆಗೆದಳು, ಪಕ್ಕದ್ದಕ್ಕೆ ಹಾಕಿದಳು. "ಭಾವ, ಏನೂ ಬರ್ತಿಲ್ವಲ್ಲ?"

ಪೇಪರಿನ ಸದ್ದು ನಿಂತಿತು. ಮಾವನವರು ನನ್ನನ್ನು ನೋಡಿದರು.

ನಾನು ಹೇಳಿದೆ, "ಸರ್ವರ್ ಇಲ್ಲಮ್ಮ."

ಹೌದು, ಹೇಳಿದೆ. ರಾತ್ರಿಯೆಲ್ಲಾ ಹೇಳಬಾರದು ಅಂದುಕೊಂಡಿದ್ದವನು ಬೆಳಿಗ್ಗೆ ಹೇಳಿದೆ. ಆದರೆ ಅವಳು ಊರಿನವರ ಹಾಗೆ ತಲೆಯಾಡಿಸಿ ಎದ್ದು ಹೋಗಲಿಲ್ಲ. ಮೊಬೈಲು ತೆಗೆದು ಕಂಪನಿಯವರು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದಳು. ಇಂಗ್ಲಿಷಿನಲ್ಲಿ ಕೇಳಿದಳು, ಕೇಳಿಸಿಕೊಂಡಳು, ಥ್ಯಾಂಕ್ಯೂ ಎಂದಳು. "ಸರ್ವರ್ ಚೆನ್ನಾಗಿಯೇ ಇದೆಯಂತೆ ಭಾವ. ಬೇರೆಯವರೆಲ್ಲಾ ಲಾಗಿನ್ ಆಗ್ತಿದ್ದಾರಂತೆ."

"ಅವ್ರು ಹಂಗೇ ಹೇಳೋದು" ಎಂದರು ಮಾವನವರು ಜಗಲಿಯಿಂದ. "ಅಳಿಯಂದ್ರಿಗಿಂತ ಅವ್ರಿಗೆ ಗೊತ್ತಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಅನುಮಾನದಿಂದಲ್ಲ, ನಂಬಿಕೆಯಿಂದ. ಭಾವ ಏನಾದರೂ ಮಾಡುತ್ತಾನೆ ಎಂಬ ನಂಬಿಕೆ. ಅದನ್ನು ನನಗೆ ತಡೆಯಲಾಗಲಿಲ್ಲ. ಎದ್ದು ಸ್ಕ್ರೂಡ್ರೈವರ್ ತಂದೆ. ಕುಂಕುಮ ಹಚ್ಚಿದ್ದ ಗಾಜನ್ನು ಬಿಚ್ಚಿ ನೆಲಕ್ಕಿಟ್ಟೆ. ಕೈ ಹಾಕಿ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ಟೇಬಲ್ ಮೇಲೆ ಕುಕ್ಕಿದೆ. ಪರದೆ ಕಪ್ಪಾಯಿತು, ಫ್ಯಾನುಗಳು ಮಾತ್ರ ತಿರುಗುತ್ತಲೇ ಇದ್ದವು.

"ಗುಜರಿ ಇದು! ಪೂರ್ತಿ ಗುಜರಿ! ನಿಮ್ಮಪ್ಪ ಅಟ್ಟಕ್ಕೆ ಹಾಕಿದ್ರಲ್ಲ, ಅದೇ. ಆಟ ಆಡೋಕೆ ಮಾಡ್ಕೊಂಡಿದ್ದೆ. ಇದಕ್ಕೆ ಇಂಟರ್ನೆಟ್ಟೂ ಇಲ್ಲ, ಸರ್ವರ್ರೂ ಇಲ್ಲ, ಮಣ್ಣೂ ಇಲ್ಲ. ಚಪ್ಪಲಿ ಹಾಕ್ಕೊ, ನಡಿ!"

ಆ ಮನೆಯಲ್ಲಿ ನನ್ನ ದನಿ ಅಷ್ಟು ಎತ್ತರಕ್ಕೆ ಹೋಗಿದ್ದು ಅದೇ ಮೊದಲು. ಮಾವನವರಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಯಾಕೆಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ನಾದಿನಿ ಕ್ಯಾಮೆರಾ ಕಿತ್ತುಕೊಂಡು ಓಡಿದಳು. ಮಾವನವರು ಎದ್ದು ನಿಂತರು, "ಮನೇಲೇ ಬರೆಯೋದಾದ್ರೆ ಅಂತ ಅಲ್ವಾ ನಾನ್ ಹೇಳಿದ್ದು" ಎಂದರು. ಒಳಗಿನಿಂದ ನನ್ನ ಹೆಂಡತಿ ಬಂದು ಬೈಕಿನ ಕೀಯನ್ನು ನನ್ನ ಕೈಗಿಟ್ಟಳು. ಅಪ್ಪನ ಮುಖ ನೋಡಲಿಲ್ಲ.

ಹತ್ತೂಮುಕ್ಕಾಲು. ದಾಬಸ್‌ಪೇಟೆಯವರೆಗೆ ಲಾರಿಗಳ ಮಧ್ಯೆ ನಾನು ಹೇಗೆ ಓಡಿಸಿದೆನೋ ದೇವರೇ ಬಲ್ಲ. ಪಹಣಿ, ರೇಷನ್ ಕಾರ್ಡು ಎಲ್ಲಾ ಮಾಡಿಕೊಡುವ ಒಂದು ಆನ್‌ಲೈನ್ ಸೆಂಟರು. ಒಡತಿ ಗಟ್ಟಿಗಿತ್ತಿ, ವಿಷಯ ಕೇಳಿದವಳೇ ಸಾಲಿನಲ್ಲಿದ್ದವರನ್ನು "ಏಳ್ರಪ್ಪಾ ಆಚೆ" ಎಂದು ಎಬ್ಬಿಸಿದಳು. ಪಾಸ್‌ಪೋರ್ಟ್ ಫೋಟೋ ತೆಗೆಯುವ ಚಿಕ್ಕ ಕೋಣೆಗೆ ಒಂದು ಧೂಳು ಹಿಡಿದ ಕಂಪ್ಯೂಟರನ್ನು ಸಾಗಿಸಿ, ಕ್ಯಾಮೆರಾ ಸಿಕ್ಕಿಸಿ ಕೊಟ್ಟಳು. ಫೋಟೋಗೆಂದು ಗೋಡೆಗೆ ಕಟ್ಟಿದ್ದ ನೀಲಿ ಬಟ್ಟೆಯ ಮುಂದೆ ನಾದಿನಿ ಕೂತಳು. ಹನ್ನೊಂದು ದಾಟಿ ಏಳು ನಿಮಿಷ ಆಗಿತ್ತು. ಪುಟ ತೆರೆಯಿತು. ನಾನು ಹೊರಗೆ ಎರಡು ಗಂಟೆ ನಿಂತೇ ಇದ್ದೆ, ಕೂರಲು ಸ್ಟೂಲು ಕೊಟ್ಟರೂ ಕೂರಲಿಲ್ಲ.

ಅವಳು ಪಾಸಾದಳು. ಮಾವನವರು ಕೊಟ್ಟ ಮಾತಿಗೆ ಎಲ್ಲರೂ ಸಾಕ್ಷಿ ಇದ್ದರಲ್ಲ, ಅದೂ ಅಲ್ಲದೆ ಅಳಿಯಂದ್ರೇ ನಿಂತು ಬರೆಸಿದ ಮೇಲೆ ಇಲ್ಲವೆನ್ನುವುದು ಹೇಗೆ? ಒಪ್ಪಿದರು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆ ಗಾಜನ್ನು ತಾವೇ ಒರೆಸಿ, ತಾವೇ ಸ್ಕ್ರೂ ಹಾಕಿ ಮೊದಲಿನ ಹಾಗೆ ಕೂರಿಸಿದರು. ಬಂದವರಿಗೆ ಈಗಲೂ ಸ್ವಿಚ್ ಹಾಕಿ ತೋರಿಸುತ್ತಾರೆ. ಒಂದು ದಿನ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, "ಒಬ್ಳನ್ನ ಕಳಿಸ್ಕೊಟ್ರಿ ಅಳಿಯಂದ್ರೇ. ಆಯ್ತು, ಒಳ್ಳೇದಾಗ್ಲಿ. 'ನಾನಿಲ್ದಿದ್ರೂ ಇವ್ರನ್ನ ನೋಡ್ಕೊಳ್ಳೋಕೆ ಚಿಕ್ಕೋಳು ಇರ್ತಾಳೆ' ಅಂತ ಇನ್ಮೇಲೆ ನೀವಂದ್ಕೊಳ್ಳೋ ಹಂಗಿಲ್ಲ. ಇನ್ನು ಈ ಮನೆಗೆ ಎಲ್ಲಾ ನೀವೇ." ನಗುತ್ತಾ ಹೇಳಿದರು. ನಾನೂ ನಕ್ಕೆ.

ಹೈದರಾಬಾದಿಗೆ ಹೊರಡುವ ದಿನ ಮಾವನವರು ಬಸ್ ಹತ್ತಿಸಲು ಬರಲಿಲ್ಲ, ಮಂಡಿನೋವು ಎಂದರು. ನಾನು ಅವಳನ್ನು ಹೆದ್ದಾರಿಯವರೆಗೆ ಕರೆದುಕೊಂಡು ಹೋದೆ. ಒಂದು ಸೂಟ್‌ಕೇಸು, ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬ, ಹುರಿಹಿಟ್ಟು. ಬೆಂಗಳೂರಿನ ಬಸ್ಸು ದೂರದಲ್ಲಿ ಕಾಣಿಸಿದಾಗ ನಾನು ಕೈಯೆತ್ತಿದೆ. ಅವಳು ಸೂಟ್‌ಕೇಸು ಹಿಡಿದುಕೊಂಡು, ಬಹಳ ದಿನದಿಂದ ಕೇಳಬೇಕೆಂದುಕೊಂಡವಳ ಹಾಗೆ, ತಟ್ಟನೆ ಕೇಳಿದಳು:

"ಭಾವ, ಅಕ್ಕನ್ನ ಕರ್ಕೊಂಡು ನೀವ್ಯಾವಾಗ ಹೊರಡೋದು?"

ಬಾಯಿ ತೆರೆದೆ. ಕಂಡಕ್ಟರು "ಬೇಗ ಹತ್ತಮ್ಮ, ಬೇಗ" ಎಂದು ಕೂಗಿದ. ಅವಳು ಹತ್ತಿದಳು. ಕಿಟಕಿಯಿಂದಲೂ ನನ್ನನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುವವಳ ಹಾಗೆ. ನಾನು ಕೈ ಬೀಸಿದೆ. ಬಸ್ಸು ಲಾರಿಗಳ ಮರೆಗೆ ಹೋಗುವವರೆಗೂ ಬೀಸಿದೆ. ಆಮೇಲೆ ಗಡಿಯಾರ ನೋಡಿಕೊಂಡು ಬೈಕು ತಿರುಗಿಸಿದೆ. ಹತ್ತೂವರೆಗೆ ಬರುತ್ತೇನೆಂದು ಮಾವನವರಿಗೆ ಹೇಳಿ ಬಂದಿದ್ದೆ.